ಬದುವಿನ ಮೇಲಿನ ಗೂಟ

ಬದುವಿನ ಮೇಲೆ ನಾಲ್ಕು ಗೂಟ, ಸುತ್ತ ಕೆಂಪು ದಾರ. ಶಿಲ್ಪ ನಾಲ್ಕನ್ನೂ ಕಿತ್ತು ಕಂಕುಳಿಗೆ ಸೇರಿಸಿಕೊಂಡಳು.

"ರೀ, ಅದು ಗವರ್ನಮೆಂಟ್ ಗೂಟ!" ಒಬ್ಬ ಬೈಕ್ ಬಿಟ್ಟು ಓಡಿ ಬಂದ.

"ಇದು ನಮ್ಮಪ್ಪನ ತೋಟ."

ದೇವನಹಳ್ಳಿಯ ಸುತ್ತ ಗೂಟ ಕಂಡರೆ ಯಾರೂ ನಗುವುದಿಲ್ಲ. ಪಕ್ಕದ ಬೈರಣ್ಣನ ಹೊಲಕ್ಕೂ ಮೊದಲು ಬಂದದ್ದು ಗೂಟವೇ. ಈಗ ಅಲ್ಲಿ ಲೇಔಟಿನ ಕಮಾನು ನಿಂತಿದೆ. ಅಪ್ಪ ತೀರಿಕೊಂಡ ಮೇಲೆ ಶಿಲ್ಪ ಮತ್ತು ಅವಳ ತಾಯಿ ಅನುಸೂಯಮ್ಮ ಬದುಕುತ್ತಿದ್ದುದು ಈ ಹಿಪ್ಪುನೇರಳೆ ತೋಟದಿಂದ.

ಬಂದವನ ಹೆಸರು ಭಾನುಪ್ರಕಾಶ್, ಕೃಷಿ ಇಲಾಖೆಯವನು. ಕಾಂಗ್ರೆಸ್ ಗಿಡವೆಂಬ ಕಳೆಯನ್ನು ತಿನ್ನುವ ದುಂಬಿ ಬಿಡುವುದು, ಗೂಟಗಳ ನಡುವೆ ಗಿಡ ಎಷ್ಟು ಕಡಿಮೆಯಾಯಿತೆಂದು ವಾರವಾರ ಎಣಿಸುವುದು ತನ್ನ ಕೆಲಸ ಎಂದ. ಹೇಳುವಷ್ಟರಲ್ಲಿ ಸೀನಿ ಸೀನಿ ಕಣ್ಣು ಕೆಂಪಾದವು.

"ಈ ಗಿಡದ ಅಲರ್ಜಿ ಇರೋರನ್ನೇ ಈ ಕೆಲ್ಸಕ್ಕೆ ಹಾಕಿದಾರಾ? ಸುಳ್ಳಾದ್ರೂ ನೆಟ್ಟಗೆ ಹೇಳಿ."

ಅವನು ಡಬ್ಬಿ ತೆಗೆದು ದುಂಬಿ ತೋರಿಸಿದ.

"ನಮ್ಮ ಸೊಪ್ಪು ತಿಂದ್ರೆ?"

"ಮುಟ್ಟಲ್ಲ. ಕಾಂಗ್ರೆಸ್ ಗಿಡ ಬಿಟ್ರೆ ಬೇರೇದನ್ನ ತಿರುಗೀನೂ ನೋಡಲ್ಲ."

"ದುಂಬೀನ ಯಾರಾದ್ರೂ ನಂಬ್ತಾರೇನ್ರೀ? ಹೂವಿಂದ ಹೂವಿಗೆ ಹಾರೋ ಜಾತಿ."

"ಇದು ಆ ಜಾತಿ ಅಲ್ಲ," ಎಂದವನು ದುಂಬಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಜಮೀನಿನ ಬ್ರೋಕರ್‌ಗಳೂ ಹೀಗೇ ನೋಡುತ್ತಾರೆ ಎಂದುಕೊಂಡಳು. ಕೆನ್ನೆ ಮಾತ್ರ ಬಿಸಿಯಾಯಿತು.

ಪ್ರತಿ ಗುರುವಾರ ಅವನು ಹೊಸ ಗೂಟ ಹೊಡೆಯುತ್ತಿದ್ದ. ಅವಳು ಕೀಳುತ್ತಿದ್ದಳು, ಬೈಯುತ್ತಿದ್ದಳು.

"ನನ್ನ ಹಳೇ ಗೂಟ ಎಲ್ಲಿ?"

"ಹಂಡೆ ಒಲೇಲಿ. ಚೆನ್ನಾಗಿ ಉರೀತವೆ."

ಗುರುವಾರ ಮಾತ್ರ ತಾನು ತಲೆ ನೆಟ್ಟಗೆ ಬಾಚಿಕೊಳ್ಳುತ್ತಿರುವುದು ಕನ್ನಡಿಯಲ್ಲಿ ಕಂಡಾಗ ಅವಳಿಗೆ ತನ್ನ ಮೇಲೂ ಅನುಮಾನ ಬಂತು.

ಮಳೆಗಾಲ ಮುಗಿಯುವಷ್ಟರಲ್ಲಿ ದುಂಬಿಗಳು ಕಾಂಗ್ರೆಸ್ ಗಿಡದ ಎಲೆಗಳನ್ನು ಜರಡಿ ಮಾಡಿದ್ದವು. ಗಿಡ ಒಣಗಿ ಕಡ್ಡಿಯಾಯಿತು. ಅವನು ಮಾತ್ರ ಬರುತ್ತಲೇ ಇದ್ದ. ಶಿಲ್ಪ ಅವನ ಆಫೀಸಿಗೆ ಫೋನ್ ಮಾಡಿದಳು.

"ಆ ಎಣಿಕೆ ಮುಗಿದು ತಿಂಗಳಾಯ್ತಲ್ಲಮ್ಮ," ಎಂದರು.

ಮುಂದಿನ ಗುರುವಾರ ಕುಡುಗೋಲು ಹಿಡಿದೇ ನಿಂತಳು. ಅವನು ನಾಲ್ಕನೇ ಗೂಟ ಹೊಡೆದು ಮುಗಿಸಿದ ಮೇಲೆ ಕೇಳಿದಳು.

"ಯಾವ ಲೇಔಟ್ ಪಾರ್ಟಿ ಕಳಿಸಿದ್ದು?"

"ಯಾರೂ ಕಳಿಸಿಲ್ಲ."

"ಕೆಲ್ಸ ಮುಗಿದಿದೆ. ಮತ್ತೆ ಗೂಟ ಯಾಕೆ?"

ಅವನು ಕೈಯ ಮಣ್ಣು ಒರೆಸಿಕೊಂಡ. "ಗೂಟ ಹೊಡೀದಿದ್ರೆ ನೀವು ಬೈಯೋಕೆ ಆಚೆ ಬರ್ತೀರಾ?"

ಶಿಲ್ಪ ಕುಡುಗೋಲನ್ನು ಇನ್ನೊಂದು ಕೈಗೆ ಬದಲಿಸಿದಳು. ಮಾತು ಖಾರವಾಗಿಯೇ ಬಂತು.

"ಏರ್‌ಪೋರ್ಟ್ ಪಕ್ಕ ತೋಟ ಇರೋ ಹುಡುಗೀನ ಇಷ್ಟಪಡೋರು ಬೇಕಾದಷ್ಟು ಜನ ಇದಾರೆ."

"ತೋಟ ನಿಮ್ಮಮ್ಮನ ಹೆಸರಲ್ಲೇ ಇರ್ಲಿ. ನಾನು ಬದು ಮೇಲೆ ಇರ್ತೀನಿ."

ಇವತ್ತು ಅವನು ಒಮ್ಮೆಯೂ ಸೀನಿರಲಿಲ್ಲ. ಆದರೂ ಕಣ್ಣು ಕೆಂಪಾಗಿದ್ದವು. ಅದನ್ನು ಅವಳು ನೋಡಿದಳು, ಚೆನ್ನಾಗಿಯೇ ನೋಡಿದಳು.

"ಅಂದ್ರೆ, ಇಲ್ಲೇ ಗೂಟ ಹೊಡ್ಕೊಂಡು ಕೂರೋ ಪ್ಲಾನಾ?"

"ನೀವು ಕೀಳ್ದಿದ್ರೆ."

ಅವಳು ಬಗ್ಗಿ ಒಂದೊಂದಾಗಿ ಗೂಟ ಕೀಳತೊಡಗಿದಳು. ಅವನ ಮುಖ ಬಾಡಿತು.

"ಭಾನುವಾರ ಮನೆಗೆ ಬನ್ನಿ. ಅಮ್ಮನ ಹತ್ರ ಮಾತಾಡಿ."

"ಏನು ತರ್ಲಿ?"

"ಆಧಾರ್ ಕಾರ್ಡ್. ಅದನ್ನ ನೋಡಿದ್ಮೇಲೇನೇ ಕಾಫಿ."

ಮೂರು ಗೂಟ ಕಂಕುಳಿಗೆ ಸೇರಿಸಿ ಅವಳು ಮನೆಯ ಕಡೆ ನಡೆದಳು. ನಾಲ್ಕನೆಯದು ಬದುವಿನ ಮೇಲೆ ಹಾಗೇ ನಿಂತಿತ್ತು.