ಒಂದೇ ಜಾಗದಲ್ಲಿ ಒಂಬತ್ತು ಸಲ

"ನಿಮ್ಮ ಬಣ್ಣದಲ್ಲೇ ಕಲಬೆರಕೆ ಇದೆ!"

ಅವನೊಂದಿಗೆ ಅವಳು ಆಡಿದ ಮೊದಲ ಮಾತೇ ಇದು. ಅದೂ ಇಡೀ ತಂಡದ ಎದುರು!

ಬಿಸಿಲಿನಿಂದ ವಿದ್ಯುತ್ ತೆಗೆಯುವ ಸೌರಕೋಶಕ್ಕೆ ಕೆಂಪು ಬಣ್ಣ ತಯಾರಿಸುವವನು ಅವನು. ಆ ಬಣ್ಣದ ಅಣುಗಳಿಗೆ ಎಕ್ಸ್-ರೇ ಹಾಯಿಸಿ ಗುಣಾವಗುಣ ಹೇಳುವವಳು ಅವಳು. ಎಲ್ಲರ ಬಾಯಲ್ಲೂ 'ಎಕ್ಸ್-ರೇ ಮೇಡಂ'. ಅವಳು ಹೇಳಿದರೆ ಮುಗಿಯಿತು, ಅಪೀಲೇ ಇಲ್ಲ.

"ಸರಿ ಮೇಡಂ, ಮತ್ತೆ ಮಾಡ್ತೀನಿ," ಎಂದಷ್ಟೇ ಹೇಳಿ ಅವನು ಸೀಸೆ ಎತ್ತಿಕೊಂಡು ಹೋದ.

ಆರು ವಾರ ಮತ್ತೆ ಮತ್ತೆ ಸೋಸಿದ. ಏನಾದರೊಂದು ಕೇಳುವ ನೆಪದಲ್ಲಿ ಅವಳ ಕೋಣೆಗೆ ಬರುತ್ತಿದ್ದ. ಬೈಸಿಕೊಂಡವನ ಮುಖದಲ್ಲಿ ಸಿಟ್ಟೇ ಇಲ್ಲ! ಬೈದವಳಿಗೋ, ಅವನ ಹೆಜ್ಜೆ ಸದ್ದಿಗೇ ಎದೆ ಡವಡವ...

ಇಂದು ಬೆಳಿಗ್ಗೆ ಹೊಸ ಬಣ್ಣ ಚೊಕ್ಕವಾಗಿ ಬಂತು. ಹಳೆಯದಕ್ಕಿಂತ ಎಷ್ಟು ಮೇಲು ಎಂದು ತೋರಿಸಿ ಅವನನ್ನು ಹೊಗಳಬೇಕೆಂದು, ಹಳೆಯ ಬಣ್ಣದ ಮೇಲೆ ಅಂದು ತೆಗೆದಿದ್ದ ಒಂಬತ್ತು ಅಳತೆಗಳನ್ನು ಅವಳು ಒಂದೊಂದಾಗಿ ತೆರೆದಳು.

ಮೊದಲನೆಯದು ಹೊಸ ಬಣ್ಣದಷ್ಟೇ ಚೊಕ್ಕ! ಎರಡನೆಯದರಲ್ಲಿ ಚೂರು ದೋಷ. ಒಂಬತ್ತನೆಯದು ಪೂರ್ತಿ ಹಾಳು.

ಅವಳಿಗೆ ತಕ್ಷಣ ಹೊಳೆಯಿತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಿದ್ದರೆ ಎಕ್ಸ್-ರೇ ಬಣ್ಣವನ್ನೇ ಸುಡುತ್ತದೆ. ಪ್ರತಿ ಅಳತೆಗೂ ಮಾದರಿಯನ್ನು ಕೂದಲೆಳೆಯಷ್ಟು ಸರಿಸಬೇಕು. ಮೊದಲ ದಿನ ಕಲಿಸುವ ಪಾಠವದು! ಅಂದು ಅವಸರದಲ್ಲಿ ಅವಳು ಸರಿಸಿಯೇ ಇರಲಿಲ್ಲ. ಒಂಬತ್ತನ್ನೂ ಬಿಡಿಬಿಡಿಯಾಗಿ ನೋಡದೆ ಕೂಡಿಸಿ, ತೀರ್ಪು ಕೊಟ್ಟುಬಿಟ್ಟಿದ್ದಳು.

'ಛೀ... ಯಾವ ಮುಖ ಹೊತ್ತು ಅವರ ಮುಂದೆ ನಿಲ್ಲಲಿ?'

ಅಕ್ಕನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. "ಅವರ ರೂಮಿಗೆ ಹೋಗಿ ಮೆಲ್ಲಗೆ ಸಾರಿ ಕೇಳಿಬಿಡ್ಲಾ?"

"ನಾಲ್ಕು ಜನರ ಮುಂದೆ ಬೈದು, ಮೂಲೇಲಿ ಸಾರಿ ಕೇಳ್ತೀಯೇನೇ? ನಾಚಿಕೆ ಆಗಲ್ವಾ?"

"ಆಗ್ತಿದೆ ಅಕ್ಕಾ... ಅದಕ್ಕೇ ಮೂಲೆ ಹುಡುಕ್ತಿದೀನಿ."

ಮಧ್ಯಾಹ್ನದ ಮೀಟಿಂಗ್‌ನಲ್ಲಿ ಎದ್ದು ನಿಂತಳು.

"ಬಣ್ಣದಲ್ಲಿ ಯಾವ ದೋಷಾನೂ ಇರಲಿಲ್ಲ. ಮಾದರೀನ ಸರಿಸದೆ ಸುಟ್ಟವಳು ನಾನು. ತಪ್ಪನ್ನ ಅವರ ತಲೆಗೆ ಕಟ್ಟಿಬಿಟ್ಟೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಹೊರಗೆ ಮೆಟ್ಟಿಲ ಬಳಿ ಅಳುತ್ತಾ ನಿಂತವಳ ಪಕ್ಕಕ್ಕೆ ಅವನು ಬಂದ.

"ನನ್ನ ಪರೀಕ್ಷೇಲಿ ಅವತ್ತೇ ಬಣ್ಣ ಸರಿಯಾಗಿತ್ತು. ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?!"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಅಲ್ಲಿಗೇ ಮುಗೀತಿತ್ತು. ಮತ್ತೆ ಮಾಡ್ತೀನಿ ಅಂದ್ರೆ, ನಿಮ್ಮನ್ನ ಮತ್ತೆ ನೋಡಬಹುದಿತ್ತಲ್ಲ... ಇವತ್ತು ನೀವೊಬ್ರೇ ಅವಮಾನ ನುಂಗಿದ್ದು ನೋಡಿ ನಂಗೇ ನಾಚಿಕೆ ಆಯ್ತು. ಇನ್ನು ಬರೋಕೆ ನೆಪಾನೂ ಇಲ್ಲ."

"ನೆಪ ಬೇಡ... ನಂಗೆ ನೀವು ಬೇಕು!"

ಬಾಯಿಂದ ಬಂದೇಬಿಟ್ಟಿತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಇನ್ನೊಂದು ಸಲ ಹೇಳಿ."

"ಆಗಲ್ಲ... ಸತ್ತೇ ಹೋಗ್ತೀನಿ!"

"ಬಿಡಿ, ನಾನೇ ಹೇಳ್ತೀನಿ," ಎಂದು ಅವನು ಅವಳ ಕೈಗಳನ್ನು ಮೆಲ್ಲಗೆ ಸರಿಸಿದ. "ನಂಗೂ ನೀವೇ ಬೇಕು."