ಮಲ್ಲಕ್ಕನ ಕ್ಯಾಸೆಟ್ಟು

"ನಮ್ಮವ್ವನ್ನ ಕೂಲಿಯಾಕೆ ಅಂತ ಅಚ್ಚು ಹಾಕ್ಸಿದಾರ್ರಿ," ಎನ್ನುತ್ತ ಆದಿವಾಲದ ಚಂದ್ರಕ್ಕ ಹೊಸ ಪುಸ್ತಕವೊಂದನ್ನು ಯಲ್ಲಕ್ಕನವರ ಮೇಜಿನ ಮೇಲೆ ಕುಕ್ಕಿದಳು.

ಯಲ್ಲಕ್ಕ ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಚಂದ್ರವಳ್ಳಿ ರಸ್ತೆಯ ಅವರ ಮನೆಗೆ ಇಂಥ ದೂರುಗಳು ಇನ್ನೂ ಬರುತ್ತವೆ. ಅವರ ಜೀಪು ಓಡಿಸುತ್ತಿದ್ದ ಜುಂಜಣ್ಣನೆಂಬ ನಾನೂ ಅವರ ಬೆನ್ನು ಬಿಟ್ಟಿಲ್ಲ.

ಪುಸ್ತಕ ಬಿ.ದುರ್ಗದ ನಾಗಣ್ಣನವರ ವಂಶದ ಚರಿತ್ರೆ. ಬರೆದವನು ಚಿತ್ರದುರ್ಗದ ಇತಿಹಾಸ ಕೂಟದ ಕಾರ್ಯದರ್ಶಿ ದುರ್ಗೇಶ್. ಅದರ ಪ್ರಕಾರ ನಾಗಣ್ಣನಿಗೆ ಒಬ್ಬಳೇ ಹೆಂಡತಿ, ಒಬ್ಬನೇ ಮಗ ಮೂರ್ತಪ್ಪ. ಚಂದ್ರಕ್ಕನ ತಾಯಿ ಮಲ್ಲಕ್ಕ ಹೊಲದ ಗುಡಿಸಲಲ್ಲಿದ್ದ ಕೂಲಿಯಾಕೆ. ಚಂದ್ರಕ್ಕ ದುರ್ಗೇಶನ ಹತ್ತಿರ ತಕರಾರು ತೆಗೆದರೆ ನೋಡೋಣ ಎಂದು ಕಳಿಸಿದ್ದನಂತೆ. ಭಾನುವಾರ ಪುಸ್ತಕದ ಬಿಡುಗಡೆ. ಅಷ್ಟರೊಳಗೆ ಆ ಸಾಲು ಹೋಗಬೇಕು, ತಾಯಿ ಹೆಂಡತಿಯೆಂದು ಬರಬೇಕು. ಅದಕ್ಕಿಂತ ಹೆಚ್ಚು ಚಂದ್ರಕ್ಕ ಏನನ್ನೂ ಕೇಳಲಿಲ್ಲ.

ತಾಳಿ ಕಟ್ಟಿದ್ದು ಎಲ್ಲಿ ಎಂದು ಯಲ್ಲಕ್ಕ ವಿಚಾರಿಸಿದರು. ತನಗೆ ಗೊತ್ತಿಲ್ಲ, ಕೇಳಿದಾಗೆಲ್ಲ ಅವ್ವ ಕಣ್ಣೀರು ಹಾಕಿ ಸುಮ್ಮನಾಗುತ್ತಿದ್ದಳು, ಆದರೆ ಕೊನೆಗಾಲದಲ್ಲಿ ಇತಿಹಾಸ ಕೂಟದವರು ಬಂದು ಅವಳ ಮಾತನ್ನು ಕ್ಯಾಸೆಟ್ಟಿಗೆ ಹಿಡಿದುಕೊಂಡು ಹೋಗಿದ್ದರು ಎಂದಳು.

ಮೂವರೂ ಕೂಟದ ಕಚೇರಿಗೆ ಹೋದೆವು. ದುರ್ಗೇಶ್ ಟೀ ತರಿಸಿದ, ಕುರ್ಚಿ ಒರೆಸಿದ, ಬೆಣ್ಣೆಯಂಥ ಮಾತಾಡಿದ. ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತಂತೆ, ಕಂಪ್ಯೂಟರಿಗೆ ಇಳಿಸಿಕೊಂಡು ಎಸೆದನಂತೆ. ಇಳಿಸಿದ್ದನ್ನು ಹಾಕಿ ಕೇಳಿಸಿದ. ಮಲ್ಲಕ್ಕನ ನಡುಗುವ ದನಿ. ಹಿಂದೆ ಹಿಟ್ಟಿನ ಗಿರಣಿಯ ಸದ್ದು.

"ಯುಗಾದಿಗೆ ಹೋಳಿಗೆ, ಹುತ್ತಕ್ಕೆ ಹಾಲೆರೆಯೋ ಹಬ್ಬಕ್ಕೆ ತಂಬಿಟ್ಟು, ದೀವಳಿಗೆಗೆ ಕಜ್ಜಾಯ, ಎಲ್ಲಾ ನಾನೇ ಮಾಡ್ತಿದ್ದೆ. ಆ ಮನೇಲಿ ಕೂಲಿಗಿದ್ದೆ."

ಯಲ್ಲಕ್ಕ ಕಣ್ಣು ಮುಚ್ಚಿಕೊಂಡು ಅದನ್ನೇ ಮತ್ತೆ ಮತ್ತೆ ಹಾಕಿಸಿದರು. ಕೊನೆಯ ಮಾತು ಬಂದಾಗ ಗಿರಣಿ ಸುಮ್ಮನಾಗುತ್ತಿತ್ತು. ನನಗೂ ಅದು ಕೇಳಿಸಿತು, ಆದರೆ ಚಂದ್ರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದನ್ನು ನೋಡಿ ನನ್ನ ತಲೆ ಓಡಲಿಲ್ಲ. ಸತ್ತವಳ ಬಾಯಿಂದಲೇ ಅವಳ ಮಾನ ಕಳೆದಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದುರ್ಗೇಶ್ ಅವಳನ್ನು ಸಮಾಧಾನ ಮಾಡಲು ಬಂದ. "ಅಳಬ್ಯಾಡಮ್ಮ. ಹುಣಸೆ ಮರದಡಿ ತಾಳಿ ಕಟ್ಟಿದ್ದು ನಿಜಾನೇ ಇರಬಹುದು. ಆದ್ರೆ ನಮಗೆ ದಾಖಲೆ ಬೇಕಲ್ಲ."

ಅಲ್ಲಿಂದ ಮೂರ್ತಪ್ಪನನ್ನು ಕಾಣಲು ಬಿ.ದುರ್ಗಕ್ಕೆ ಹೋದರೆ ಆತ ಜಗುಲಿಯಿಂದಲೇ ಗದರಿದ. ಅಪ್ಪ ಸತ್ತಾಗ ತಾನು ಸಣ್ಣ ಹುಡುಗ, ಹಿರಿಯರು ಕೂಲಿಯಾಕೆ ಎನ್ನುತ್ತಿದ್ದರು, ದುರ್ಗೇಶನಿಗೂ ಅದನ್ನೇ ಹೇಳಿದೆ, ಕ್ಯಾಸೆಟ್ಟು ಗಿಸೆಟ್ಟು ತನಗೆ ಗೊತ್ತಿಲ್ಲ ಎಂದ. ಚಂದ್ರಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಕಳ್ಳ ಇವನೇ ಎಂದು ನಾನು ತೀರ್ಮಾನಿಸಿಬಿಟ್ಟೆ.

ಬಿಡುಗಡೆಯ ಹಿಂದಿನ ದಿನ ಯಲ್ಲಕ್ಕ ಎಲ್ಲರನ್ನೂ ಕೂಟದ ಕಚೇರಿಗೆ ಕರೆಸಿದರು. "ಕುಂತ್ಕಳ್ರಿ," ಎಂದು ಧ್ವನಿಮುದ್ರಣ ಹಾಕಿದರು.

"ಗಿರಣಿ ಓಡ್ತಾ ಐತೆ. ಕೂಲಿಗಿದ್ದೆ ಅನ್ನೋ ಮಾತಿಗೆ ಮಾತ್ರ ಇಲ್ಲ. ಅಂದ್ರೆ ಅದು ಕರೆಂಟು ಹೋದಾಗ ಆಡಿದ ಬೇರೆ ಮಾತು. ಕತ್ತರಿಸಿ ತಂದು ಇಲ್ಲಿ ಅಂಟಿಸಿದಾರೆ."

ಆಮೇಲೆ ಮೂರ್ತಪ್ಪನ ಕಡೆ ತಿರುಗಿದರು. "ಯುಗಾದಿ ಹೆಸರು ಹೇಳಿದಳು, ದೀವಳಿಗೆ ಹೇಳಿದಳು. ನಡುವೆ ನಾಗರಪಂಚಮಿ ಅನ್ನದೆ ಹುತ್ತಕ್ಕೆ ಹಾಲೆರೆಯೋ ಹಬ್ಬ ಅಂದಳು. ಯಾಕೆ? ಕೂಲಿಯಾಕೆ ಆಗಿದ್ರೆ ನಾಗರ ಅನ್ನೋಕೆ ಅವಳಿಗೇನು ಅಡ್ಡಿ? ಅದ್ರಾಗೆ ನಾಗಣ್ಣನ ಹೆಸರೈತೆ. ಗಂಡನ ಹೆಸರು ಬಾಯಲ್ಲಿ ಬರಬಾರದು ಅಂತ ಆ ಕಾಲದ ಹೆಂಗಸರು ಹಬ್ಬದ ಹೆಸರೂ ನುಂಗ್ತಿದ್ರು."

"ನಮ್ಮವ್ವನೂ ಹಂಗೇ ಅಂತಿದ್ಲು," ಎಂದ ಮೂರ್ತಪ್ಪ.

"ಕತ್ತರಿಸಿದವರಿಗೆ ಇದು ಹೊಳೀಲಿಲ್ಲ. ಯಾರು ಅಂತೀರಾ? ತಾಳಿ ಎಲ್ಲಿ ಕಟ್ಟಿದ್ರು ಅಂತ ಮಗಳಿಗೇ ಗೊತ್ತಿಲ್ಲ. ಮೂರ್ತಪ್ಪನಿಗೆ ತಾಳಿ ಕಟ್ಟಿದ್ದೇ ಗೊತ್ತಿಲ್ಲ. ಹುಣಸೆ ಮರ ಅಂದೋರು ನೀವೊಬ್ರೇ, ದುರ್ಗೇಶ್. ಪೂರ್ತಿ ಕ್ಯಾಸೆಟ್ಟು ಕೇಳಿದೋರು ಮಾತ್ರ ಹಂಗನ್ನಬಹುದು. ಎಲ್ಲೈತೆ ಅದು? ಇತಿಹಾಸದವರು ಎಸೆಯಲ್ಲ, ಬಚ್ಚಿಡ್ತಾರೆ."

ದುರ್ಗೇಶನ ಬೆಣ್ಣೆ ಅಲ್ಲೇ ಕರಗಿತು. ಬೀರುವಿನ ಮೂಲೆಯಿಂದ ಕ್ಯಾಸೆಟ್ಟು ತೆಗೆದ. ಪುಸ್ತಕ ಅಚ್ಚಾದ ಮೇಲೆ ಚಂದ್ರಕ್ಕ ತಕರಾರು ತೆಗೆದಳು, ಆಮೇಲಷ್ಟೇ ತಾನು ಕ್ಯಾಸೆಟ್ಟು ಕೇಳಿದ್ದು, ತಪ್ಪು ಒಪ್ಪಿಕೊಂಡರೆ ಸಂಶೋಧಕನೆಂದು ಯಾರು ನಂಬುತ್ತಾರೆ ಎಂದು ಗೊಣಗಿದ. ಇಷ್ಟಕ್ಕೇ. ಒಬ್ಬ ತಾಯಿಯನ್ನು ಇಷ್ಟಕ್ಕೇ ಹೆಂಡತಿಯಲ್ಲ ಎನ್ನಿಸಿದ್ದ. ಯಲ್ಲಕ್ಕ ನನ್ನ ತೋಳು ಹಿಡಿಯದಿದ್ದರೆ ನಾನು ಅವನ ಕಪಾಳಕ್ಕೆ ಕೊಡುತ್ತಿದ್ದೆ.

ಹಳೇ ಟೇಪ್ ರೆಕಾರ್ಡರಿನಲ್ಲಿ ಮಲ್ಲಕ್ಕ ಪೂರ್ತಿ ಮಾತಾಡಿದಳು. ಮದುವೆಗೆ ಮುಂಚಿನ ಮಾತೆತ್ತಿ ತವರೂರಿನ ಗೌಡರ ಹೆಸರು ಹೇಳಿ, "ಆ ಮನೇಲಿ ಕೂಲಿಗಿದ್ದೆ. ಆಮೇಲೆ ಇವರು ಹುಣಸೆ ಮರದಡಿ ತಾಳಿ ಕಟ್ಟಿದ್ರು. ಗುಡೀಗೆ ಯಾರೂ ಬಿಡಲಿಲ್ಲ," ಎಂದಳು.

ಮೂರ್ತಪ್ಪ ಎದ್ದು ನಿಂತ. "ತಂಗೀ, ಮನೆಗೆ ಹೋಗಾಣ ಬಾ."

ಚಂದ್ರಕ್ಕ ಆಗ ಅಳುತ್ತಿರಲಿಲ್ಲ. "ಅವ್ವ ಸತ್ತಾಗ ಮಣ್ಣಿಗೆ ಕರೆಯಾಕೆ ನಿನ್ನ ಬಾಗಿಲಿಗೆ ಬಂದಿದ್ದೆ. ನೀನು ಒಳಗಿಂದ ಚಿಲಕ ಹಾಕ್ಕಂಡೆ. ಪುಸ್ತಕದಾಗೆ ಅವಳನ್ನ ಹೆಂಡ್ತಿ ಅಂತ ಬರೀರಿ. ನನ್ನ ಮಾತ್ರ ನಿನ್ನ ತಂಗಿ ಅಂತ ಬರೆಸಬ್ಯಾಡ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಮೂರ್ತಪ್ಪ ಹೊಸ್ತಿಲವರೆಗೆ ಹೋಗಿ ನಿಂತುಬಿಟ್ಟ. ತಡೆಯದಿದ್ದದ್ದು ನನಗೆ ಸಂತೋಷವೇ ಆಯಿತು.