ಒಂದು ಕಾಲಂ ಮಾತ್ರ ಸರಿದಾಗ

"ಯಾರ್ರೀ ಅದು, ನನ್ನ ಟ್ರ್ಯಾಕ್ ಮೇಲೆ ಕುಂಟೆಬಿಲ್ಲೆ ಆಡಿಸ್ತಿರೋದು?"

ಮೈದಾನದ ಆ ತುದಿಯಿಂದ ಬಂದ ಗುಡುಗಿಗೆ ನಲವತ್ತು ಮಕ್ಕಳೂ ನಿಂತಲ್ಲೇ ಕಲ್ಲಾದರು. ಹೊಸದಾಗಿ ಬಂದಿದ್ದ ಕಂಪ್ಯೂಟರ್ ಮಿಸ್ ಮಾತ್ರ ತಿರುಗಿಯೂ ನೋಡಲಿಲ್ಲ. ಸುಣ್ಣದ ಪುಡಿಯಲ್ಲಿ ಕೊನೆಯ ಗೆರೆ ಎಳೆದು ಮುಗಿಸಿ, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕುಂಟೆಬಿಲ್ಲೆ ಅಲ್ಲ ಸರ್, ಸ್ಪ್ರೆಡ್‌ಶೀಟ್."

"ಏನು?" ಗುಡುಗಿದವನು ದಾಪುಗಾಲು ಹಾಕುತ್ತಾ ಗೆರೆಗಳ ನಡುವೆ ಬಂದು ನಿಂತ.

"ಶಾಲೇಲಿರೋದು ಆರು ಕಂಪ್ಯೂಟರ್, ಅದರಲ್ಲಿ ಎರಡು ಕೆಟ್ಟು ಕೂತಿವೆ. ನಲವತ್ತು ಮಕ್ಕಳು ನೊಣದ ಹಾಗೆ ಮುತ್ಕೊಂಡ್ರೆ ಕಲಿಯೋದೇನು? ಅದಕ್ಕೇ ಕಂಪ್ಯೂಟರಿನ ಲೆಕ್ಕದ ಶೀಟನ್ನ ನೆಲದ ಮೇಲೆ ಬರೆದಿದ್ದೀನಿ. ಒಂದೊಂದು ಮಗು ಒಂದೊಂದು ಸೆಲ್, ಅಂದ್ರೆ ಒಂದೊಂದು ಮನೆ. ನೀವೀಗ ನಿಂತಿರೋದು ಸಿ ನಾಲ್ಕರಲ್ಲಿ. ದಯವಿಟ್ಟು ಜಾಗ ಖಾಲಿ ಮಾಡಿ!"

ಮಕ್ಕಳು ಕಿಸಕ್ಕನೆ ನಕ್ಕರು. ಆರಡಿ ಎತ್ತರದ ಆ ಪಿ.ಟಿ. ಮೇಷ್ಟ್ರು ತನ್ನ ಕಾಲ ಕೆಳಗೆ ನೋಡಿಕೊಂಡು, ನಿಜಕ್ಕೂ ಪಕ್ಕಕ್ಕೆ ಸರಿದ. ಸರಿದ ಮೇಲೆ, ತಾನ್ಯಾಕೆ ಸರಿದೆ ಎಂದು ಅವನಿಗೇ ಸಿಟ್ಟು ಬಂತು.

'ಅಬ್ಬಾ, ಏನು ಜಂಭ ಇವಳಿಗೆ!' ಎಂದುಕೊಂಡ.

'ಅಷ್ಟು ಸಿಟ್ಟಲ್ಲೂ ಒಂದು ಗೆರೆ ತುಳೀಲಿಲ್ಲವಲ್ಲ...' ಎಂದುಕೊಂಡಳು ಅವಳು.

ಮಾರನೆಯ ದಿನ ಅವನು ಅಳತೆ ಟೇಪು ಹಿಡಿದುಕೊಂಡು ಬಂದ. "ನಿಮ್ಮ ಗೆರೆ ಸೊಟ್ಟ. ಚೌಕ ಅಂದ್ಮೇಲೆ ಚೌಕ ಇರ್ಬೇಕು," ಎಂದು ಮುಖ ಗಂಟಿಕ್ಕಿಕೊಂಡೇ ಹೊಸ ಗೆರೆ ಎಳೆದುಕೊಟ್ಟ. ಅಲ್ಲಿಂದ ಶುರುವಾಯಿತು ನೋಡಿ!

ಅವಳ ತರಗತಿ ಎಂದರೆ ಮಕ್ಕಳಿಗೆ ಪಂಚಪ್ರಾಣ. ಒಂದು ದಿನ ನಿಧಿ ಹುಡುಕಾಟ: ಬಿ ಎರಡರ ಚೀಟಿ ಡಿ ಐದಕ್ಕೆ ಕಳಿಸುತ್ತಿತ್ತು, ಡಿ ಐದು ಎ ಒಂದಕ್ಕೆ. ಇನ್ನೊಂದು ದಿನ ಎಲ್ಲರ ಸ್ಕೂಲ್ ಬ್ಯಾಗು ತೂಗಿ, ಭಾರಕ್ಕೆ ತಕ್ಕಂತೆ ಪುಸ್ತಕ ಪೇರಿಸಿ ಗೋಡೆಗೆ ಒರಗಿಸಿದ ಗ್ರಾಫು. ಮೇಷ್ಟ್ರು ದಿನಾ ಒಂದು ನೆಪ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಹೆಡ್ ಮೇಡಂ ಮಾತ್ರ ಮೂಗು ಮುರಿದರು.

"ಇದು ಪಾಠವೋ, ಆಟವೋ? ಪರೀಕ್ಷೆ ಮುಗೀಲಿ, ಈ ಕಂಪ್ಯೂಟರ್ ತರಗತಿ ಬೇಕೋ ಬೇಡವೋ ಅಂತ ಆಗ ನೋಡ್ತೀನಿ."

ಅಂತರಶಾಲಾ ಕ್ರೀಡಾಕೂಟ ಹತ್ತಿರ ಬಂದಾಗ ಮೇಷ್ಟ್ರು ತನ್ನ ನೋಟ್‌ಬುಕ್ ತಂದು ಅವಳ ಮೇಜಿನ ಮೇಲಿಟ್ಟ. ನಲವತ್ತು ಮಕ್ಕಳು ಲಾಂಗ್ ಜಂಪ್‌ನಲ್ಲಿ ಎಷ್ಟೆಷ್ಟು ದೂರ ನೆಗೆದರು ಎಂಬ ಲೆಕ್ಕ.

"ನಿಮ್ಮ ಮಕ್ಕಳಿಗೆ ಅಭ್ಯಾಸಕ್ಕೆ ಆಗುತ್ತೆ. ಮೊದಲ ಆರು ಜನ ಯಾರು ಅಂತ ತೆಗೆದು ಕೊಡಿ."

ಹಾಜರಿ ಪುಸ್ತಕದ ಕ್ರಮದಲ್ಲಿ ಒಂದು ಕಾಲಂನಲ್ಲಿ ಹೆಸರು, ಪಕ್ಕದ ಕಾಲಂನಲ್ಲಿ ನೆಗೆದ ದೂರ ಎಂದು ಮಕ್ಕಳು ಸರದಿಯಂತೆ ಟೈಪ್ ಮಾಡಿದರು. ಅವಳು ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ಆರು ಹೆಸರು ಮುದ್ರಿಸಿ, ನೋಟ್‌ಬುಕ್ಕಿನ ಜೊತೆ ಹಿಂದಿರುಗಿಸಿದಳು.

"ಒಂದ್ಸಲ ನೋಡಿ, ಸರ್."

"ನೀವು ಮಾಡಿದ್ದು ಅಂದ್ಮೇಲೆ ನೋಡೋದೇನಿದೆ?" ಅವನು ನಗುತ್ತಾ ಸಹಿ ಹಾಕಿಬಿಟ್ಟ. ಆ ಒಂದು ಮಾತಿಗೆ ಅವಳ ಮುಖ ಅರಳಿತು.

ಬೆಳಿಗ್ಗೆ ನೋಟಿಸ್ ಬೋರ್ಡಿನ ಮುಂದೆ 'ಜಿಂಕೆ' ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಎಲ್ಲರಿಗಿಂತ ದೂರ ನೆಗೆಯುವ ಹುಡುಗಿ ಎಂದೇ ಆ ಅಡ್ಡಹೆಸರು. ಪಟ್ಟಿಯಲ್ಲಿ ಅವಳಿರಲೇ ಇಲ್ಲ! ಮೊದಲ ಹೆಸರು ಯಾರದು? ಹೆಡ್ ಮೇಡಂ ತಂಗಿ ಮಗನದು. ದಾರಿಯಲ್ಲಿ ನೀರು ನಿಂತಿದ್ದರೆ ದಾಟದೆ ಸುತ್ತಿಕೊಂಡು ಬರುವ ಮಹಾಶಯ ಅವನು.

ಮಿಸ್‌ಗೆ ನಖಶಿಖಾಂತ ಉರಿಯಿತು. ನೇರ ಸ್ಟಾಫ್ ರೂಮಿಗೆ ನುಗ್ಗಿದಳು.

"ಇಷ್ಟು ದಿನ ನಿಮ್ಮನ್ನ ಏನೋ ಅಂದ್ಕೊಂಡಿದ್ದೆ! ನೀವು ಕೊಟ್ಟ ಅಂಕಿ ನಂಬಿ ಪಟ್ಟಿ ಮಾಡಿದೆ. ಕೊಟ್ಟಿದ್ದೇ ಸುಳ್ಳು! ಹೆಡ್ ಮೇಡಂನ ಮೆಚ್ಚಿಸೋಕೆ ಆ ಮಗು ಹೊಟ್ಟೆ ಮೇಲೆ ಹೊಡೆದ್ರಲ್ಲ?"

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವನು ನೋಟ್‌ಬುಕ್ ತೆರೆದ. ಪಟ್ಟಿ ನೋಡಿದ. ಮತ್ತೆ ಅವಳ ಮುಖ ನೋಡಿದ. ನೋಟ್‌ಬುಕ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

"ತಪ್ಪು ನನ್ನದೇ. ಸಹಿ ನನ್ನದಲ್ವಾ? ನಾನೇ ಸರಿ ಮಾಡ್ತೀನಿ."

ಅವತ್ತೇ ಕ್ರೀಡಾಕೂಟದ ಕಚೇರಿಗೆ ಹೋಗಿ, ತನ್ನ ಅಜಾಗರೂಕತೆ ಎಂದು ಬರೆದುಕೊಟ್ಟು ಪಟ್ಟಿ ಬದಲಿಸಿದ. ಜಿಂಕೆಯ ಹೆಸರು ಬಂತು. ಆದರೆ ಈ ಸಲ ತಂಡದ ಜೊತೆ ನೀವು ಹೋಗುವಂತಿಲ್ಲ ಎಂದು ಹೆಡ್ ಮೇಡಂ ಆದೇಶಿಸಿದರು. 'ಉಪ್ಪು ತಿಂದವನು ನೀರು ಕುಡೀಲೇಬೇಕು,' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮತ್ತೆ ಈ ಕಣ್ಣೀರೇಕೆ?

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕ ಕತ್ತೆತ್ತದೆಯೇ ಕೇಳಿದಳು. "ಮೂರು ದಿನದಿಂದ ತಟ್ಟೆ ಮುಂದೆ ಕೂತು ಏಳ್ತಿದ್ದೀಯಲ್ಲ, ಏನೇ ವಿಷಯ?" ತಂಗಿ ಎಲ್ಲ ಹೇಳಿಕೊಂಡ ಮೇಲೆ ಯಂತ್ರ ನಿಲ್ಲಿಸಿದಳು. "ಅವನು ಹಾಗೆ ಮಾಡೋನು ಅಂತ ನಿನ್ನ ಮನಸ್ಸು ಒಪ್ಪುತ್ತಾ?"

"ಇಲ್ಲ ಅಕ್ಕ..."

"ಹಾಗಾದ್ರೆ ವಿಚಾರಿಸ್ಬೇಕಿತ್ತು ಕಣೇ. ಸಿಟ್ಟಲ್ಲಿ ಕೊಯ್ಕೊಂಡ ಮೂಗು ಸಮಾಧಾನ ಆದ್ಮೇಲೆ ಬರುತ್ತಾ?"

ಮರುದಿನ ತರಗತಿಯಲ್ಲಿ ಸಾರ್ಟ್ ಮಾಡುವ, ಅಂದರೆ ಅಂಕಿಗಳನ್ನು ಕ್ರಮಕ್ಕೆ ಜೋಡಿಸುವ ಪಾಠ. ಆರು ಮಕ್ಕಳ ಕೈಗೆ ಅವರವರ ಹೆಸರಿನ ಕಾರ್ಡು, ಪಕ್ಕದಲ್ಲಿ ಇನ್ನೂ ಆರು ಮಕ್ಕಳ ಕೈಗೆ ಆ ಮೊದಲ ಆರು ಮಕ್ಕಳ ಎತ್ತರದ ಕಾರ್ಡು ಕೊಟ್ಟಳು.

"ದೊಡ್ಡ ಅಂಕಿ ಮುಂದೆ, ಚಿಕ್ಕದು ಹಿಂದೆ. ಸರೀರಿ!"

ಅಂಕಿ ಹಿಡಿದವರು ದಡಬಡನೆ ಜಾಗ ಬದಲಿಸಿದರು. ಹೆಸರು ಹಿಡಿದವರು ನಿಂತಲ್ಲೇ ನಿಂತಿದ್ದರು. ಹಾಜರಿಯಲ್ಲಿ ಮೊದಲಿಗನಾದ ಹೆಡ್ ಮೇಡಂ ತಂಗಿ ಮಗ ಪಕ್ಕಕ್ಕೆ ನೋಡಿ ಕಣ್ಣರಳಿಸಿದ.

"ಮಿಸ್! ನನ್ನ ಎತ್ತರ ನೂರಾ ಮೂವತ್ತು. ಈಗ ನನ್ನ ಪಕ್ಕ ನೂರಾ ಅರವತ್ತು ಬಂದು ನಿಂತಿದೆ. ನಾನು ಒಂದೇ ನಿಮಿಷಕ್ಕೆ ಇಷ್ಟು ಬೆಳೆದುಬಿಟ್ನಾ?"

ತರಗತಿ ಹೋ ಎಂದು ನಕ್ಕಿತು. ಅವಳಿಗೆ ನಗು ಬರಲಿಲ್ಲ.

ಓಡಿಹೋಗಿ ಲಾಂಗ್ ಜಂಪಿನ ಹಳೆಯ ಶೀಟು ತೆರೆದಳು. ಆ ಆರು ಹೆಸರು ಹಾಜರಿ ಪುಸ್ತಕದ ಮೊದಲ ಆರು ಹೆಸರೇ, ಅದೇ ಕ್ರಮದಲ್ಲಿ! ಅವಳು ಅಂಕಿಯ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಮಾಡಿದ್ದಳು. ಅಂಕಿಗಳು ಸರಿದಿದ್ದವು, ಹೆಸರುಗಳು ಅಲ್ಲೇ ಉಳಿದಿದ್ದವು.

'ಅಯ್ಯೋ... ತಪ್ಪು ನಂದು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಮೇಲೆ ಹಾಕ್ಕೊಂಡ್ರು!'

ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಹನ್ನೆರಡು ಮಕ್ಕಳನ್ನೂ ಕಾರ್ಡಿನ ಸಮೇತ ಸ್ಟಾಫ್ ರೂಮಿಗೆ ಕರೆದೊಯ್ದಳು. ಹೆಡ್ ಮೇಡಂ ಎದುರಿಗೆ ಅದೇ ಆಟ ಆಡಿಸಿ ತೋರಿಸಿದಳು.

"ತಪ್ಪು ಹೀಗಾಯ್ತು, ಮೇಡಂ. ಮಾಡಿದ್ದು ನಾನು. ಎಲ್ಲರ ಮುಂದೆ ಅವರನ್ನ ಬೈದಿದ್ದೆ, ಎಲ್ಲರ ಮುಂದೇನೇ ಕ್ಷಮೆ ಕೇಳ್ತಿದ್ದೀನಿ. ತರಗತಿ ಮುಚ್ಚೋದಾದ್ರೆ ಮುಚ್ಚಿ. ಅವರ ಹೆಸರಿಗೆ ಮಾತ್ರ ಮಸಿ ಬೇಡ."

ಹೆಡ್ ಮೇಡಂ ಮಕ್ಕಳನ್ನು ನೋಡಿದರು, ಕನ್ನಡಕ ಒರೆಸಿಕೊಂಡರು. "ಕಂಪ್ಯೂಟರ್ ಅಂದ್ರೆ ನನಗೆ ತಲೆನೋವು. ನನಗೇ ಅರ್ಥ ಆಯ್ತು ಅಂದ್ಮೇಲೆ ಮುಚ್ಚೋದು ಹೇಗಮ್ಮ? ಹೋಗು, ತಂಡದ ಜೊತೆ ಅವರೇ ಹೋಗ್ಲಿ ಅಂತ ಹೇಳು."

ಅವನು ಮೈದಾನದ ಮೂಲೆಯಲ್ಲಿ ಲಾಂಗ್ ಜಂಪ್ ಗುಂಡಿಯ ಮರಳು ಸಮ ಮಾಡುತ್ತಿದ್ದ. ಅವಳು ಏದುಸಿರು ಬಿಡುತ್ತಾ ಬಂದು ಎದುರಿಗೆ ನಿಂತಳು. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದಳು.

"ನೋಟ್‌ಬುಕ್ ನೋಡಿದ ತಕ್ಷಣ ಗೊತ್ತಾಯ್ತು ತಾನೆ? ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ತರಗತಿ ಹೋಗ್ತಿತ್ತು. ಆ ಮಕ್ಕಳ ನಗು ಹೋಗ್ತಿತ್ತು..."

"ನನ್ನ ತಪ್ಪು ಹೊರೋಕೆ ನನಗೆ ಹೆಗಲಿಲ್ವಾ? ಇನ್ನೊಂದ್ಸಲ ಹೀಗೆ ಮಾಡಿದ್ರೆ ಮಾತೇ ಆಡಲ್ಲ!" ಬೈಯುತ್ತಿದ್ದರೂ ಕಣ್ಣು ತುಂಬಿ ಬಂತು. "ಕ್ಷಮಿಸಿ. ನಿಮ್ಮನ್ನ ತುಂಬಾ ನೋಯಿಸಿದೆ."

"ನೋವಾಗಿದ್ದು ನಿಜ," ಎಂದ ಅವನು ಮೆಲ್ಲಗೆ. "ಆದ್ರೆ ನೀವು ಅಂಥ ತಪ್ಪು ಮಾಡೋರಲ್ಲವಲ್ಲ. ಹೇಗಾಯ್ತು?"

ಅವಳ ಕೆನ್ನೆ ಕೆಂಪಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಪಕ್ಕದ ಹೆಸರುಗಳನ್ನೂ ಸೇರಿಸ್ಬೇಕಾ ಅಂತ ಕಂಪ್ಯೂಟರ್ ಎಚ್ಚರಿಸಿತ್ತು. ನಾನು ಓದ್ಲಿಲ್ಲ. ಆಗ ನೀವು ಕಿಟಕಿಯಾಚೆ ಮಕ್ಕಳಿಗೆ ನೆಗೆಯೋದು ಹೇಳಿಕೊಡ್ತಿದ್ರಿ... ನಾನು ನಿಮ್ಮನ್ನೇ ನೋಡ್ತಿದ್ದೆ."

ಅವನ ಕೈಯಿಂದ ಸಲಿಕೆ ಜಾರಿ ಮರಳಿನ ಮೇಲೆ ಬಿತ್ತು.

"ನನ್ನ ಮದುವೆ ಆಗ್ತೀರಾ?" ಅವಳು ಕೇಳಿಯೇಬಿಟ್ಟಳು.

"ಇದೇನ್ರೀ! ನಾನಲ್ವಾ ಕೇಳ್ಬೇಕಾಗಿದ್ದು?"

"ನೀವು ಬಾಯಿ ಬಿಡೋ ಹೊತ್ತಿಗೆ ನನಗೆ ತಲೆ ನರೆತಿರುತ್ತೆ. ಹೂಂ ಅನ್ನಿ, ಇಲ್ಲಾಂದ್ರೆ ಊಹೂಂ ಅನ್ನಿ."

"ಹೂಂ... ನೂರು ಸಲ ಹೂಂ." ಅವನು ಮರಳಿನ ಗುಂಡಿ ದಾಟಿ ಹತ್ತಿರ ಬಂದ. "ನಿಮ್ಮಕ್ಕನ ಹತ್ರ ಮಾತಾಡೋಕೆ ಯಾವಾಗ ಬರ್ಲಿ?"

"ಭಾನುವಾರ ಬನ್ನಿ. ತಡ ಮಾಡ್ಬೇಡಿ, ನನಗೆ ಅಷ್ಟು ತಾಳ್ಮೆ ಇಲ್ಲ."

"ನನಗಂತೂ ಭಾನುವಾರದವರೆಗೂ ಇಲ್ಲ," ಎಂದು ಅವನು ಅವಳ ಕೈ ಹಿಡಿದುಕೊಂಡ. "ಇವತ್ತು ಸಂಜೆನೇ ಬರ್ತೀನಿ."